ಹಳೆಯ ಮಸ್ಟಾಂಗ್‌ಗೆ ಯಾವ ಹಿಂದಿನ ಆಕ್ಸಲ್? 8, 8.8, 9 ಇಂಚಿನ ಲೆಕ್ಕಾಚಾರ

ಹೋದ ಚಳಿಗಾಲದಲ್ಲಿ ಮೂವರು ಗೆಳೆಯರು ಒಂದೇ ಪ್ರಶ್ನೆ ಕೇಳಿದರು. ಮೂವರ ಹತ್ತಿರವೂ 1967ರಿಂದ 1970ರ ಒಳಗಿನ ಫೋರ್ಡ್ ಮಸ್ಟಾಂಗ್ ಇದೆ. ಮೂವರಿಗೂ ಹಿಂದಿನ ಆಕ್ಸಲ್ ಬದಲಾಯಿಸುವ ಆಸೆ. ಒಬ್ಬರ ಗಾಡಿ 60 ಮೈಲಿ ವೇಗ ದಾಟಿದ ಕೂಡಲೇ ಹಿಂದಿನಿಂದ ಊಂ ಅಂತ ಕೂಗುತ್ತದೆ. ಇನ್ನೊಬ್ಬರು ಎಂಜಿನ್ ದೊಡ್ಡದು ಮಾಡಿಸಿದ್ದಾರೆ, ಈಗ ಹಿಂದೆ ಏನು ಮುರಿಯುತ್ತದೋ ಎಂಬ ಭಯ. ಮೂರನೆಯವರದು ಸರಳ ಕಾರಣ: ಪಕ್ಕದ ಮನೆಯವರ ಗಾಡಿಯಲ್ಲಿ 9 ಇಂಚು ಇದೆ. ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬರೆದಿದ್ದೇನೆ.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕ. ಆಗಸ್ಟ್ ಬಂದರೆ ಇಲ್ಲಿ ವುಡ್‌ವರ್ಡ್ ಅವೆನ್ಯೂ ತುಂಬ ಹಳೇ ಕಾರುಗಳ ಜಾತ್ರೆ. ಹಗಲೆಲ್ಲ ಆಫೀಸಿನಲ್ಲಿ ಹೊಸ ಕಾರಿನ ಕೆಲಸ, ರಾತ್ರಿ ಗ್ಯಾರೇಜಿನಲ್ಲಿ ಹಳೇ ಕಾರಿನ ಚಾಕರಿ ಅನ್ನುವ ಕನ್ನಡಿಗರು ಒಂದಷ್ಟು ಜನ ಇದ್ದೇವೆ. ನನ್ನದು 1968ರ ಕೂಪೆ, 302 ವಿ8, ಅಂದರೆ 302 ಘನ ಇಂಚಿನ ಎಂಟು ಸಿಲಿಂಡರ್ ಎಂಜಿನ್.

ಊರಲ್ಲಿ ಅಂಬಾಸಿಡರ್ ಕೆಳಗೆ ಬಗ್ಗಿ ನೋಡಿದವರಿಗೆ ಈ ಆಕ್ಸಲ್ ಹೊಸದೇನಲ್ಲ. ಒಂದು ಚಕ್ರದಿಂದ ಇನ್ನೊಂದಕ್ಕೆ ಉದ್ದನೆಯ ಕೊಳವೆ, ಮಧ್ಯೆ ಗುಂಡು, ಅದರೊಳಗೆ ದೊಡ್ಡ ಹಲ್ಲುಚಕ್ರ ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಸಣ್ಣದು ಪಿನಿಯನ್, ಎರಡೂ ಕಡೆ ಪಟ್ಟಿ ಸ್ಪ್ರಿಂಗ್. ಆ ಗುಂಡಿಗೆ ಅಮೆರಿಕದ ಮೆಕ್ಯಾನಿಕ್‌ಗಳೂ ಕುಂಬಳಕಾಯಿ ಅಂತಲೇ ಹೇಳುತ್ತಾರೆ. 8, 8.8, 9 ಅಂದರೆ ಕ್ರೌನ್ ವೀಲಿನ ಅಡ್ಡಳತೆ, ಇಂಚುಗಳಲ್ಲಿ.

ನಿಮ್ಮ ಗಾಡಿಯಲ್ಲಿ ಈಗ ಯಾವುದಿದೆ ಅಂತ ಮೊದಲು ನೋಡಿ. ಚಕ್ರಕ್ಕೆ ನಾಲ್ಕೇ ನಟ್ ಇದ್ದರೆ ಅದು ಆರು ಸಿಲಿಂಡರ್ ಗಾಡಿಯ ಸಣ್ಣ ಆಕ್ಸಲ್. ವಿ8 ಹಾಕುವ ಯೋಚನೆ ಇದ್ದರೆ ಅದನ್ನು ಉಳಿಸಿಕೊಳ್ಳುವ ಮಾತೇ ಬೇಡ. ಐದು ನಟ್ ಇದ್ದು, ಗುಂಡನ್ನು ಮುಂಭಾಗದಿಂದ ಬಿಚ್ಚುವಂತಿದ್ದರೆ ಅದು 8 ಅಥವಾ 9. ಗುಂಡಿನ ಸುತ್ತ ಇರುವ ನಟ್‌ಗಳಿಗೆಲ್ಲ ಸಾಕೆಟ್ ಕೂತರೆ 8 ಇಂಚು. ಕೆಳಗಿನ ಎರಡು ನಟ್‌ಗೆ ಸಾಕೆಟ್ ಹೋಗದೆ ಸ್ಪ್ಯಾನರ್ ಹಾಕಬೇಕಾದರೆ 9. ಮಾರುವವರು 9 ಅಂದ ಎಷ್ಟೋ ಆಕ್ಸಲ್‌ಗಳ ಬಣ್ಣ ಈ ಪರೀಕ್ಷೆಯಲ್ಲಿ ಬಯಲಾಗುತ್ತದೆ.

ಮೊದಲು ಟೈರ್ ನೋಡಿ

ಎಲ್ಲರೂ ಎಂಜಿನ್ ಎಷ್ಟು ಎಚ್‌ಪಿ ಅಂತ ಕೇಳುತ್ತಾರೆ. ನಾನು ಟೈರ್ ಯಾವುದು ಅಂತ ಕೇಳುತ್ತೇನೆ.

ಲೆಕ್ಕ ನೋಡಿ. ಎರಡು ಬ್ಯಾರಲ್ ಕಾರ್ಬುರೇಟರಿನ 1968ರ 302ಗೆ ಫೋರ್ಡ್ ಕೊಟ್ಟ ಅಂಕಿ 300 ಪೌಂಡ್-ಅಡಿ ಟಾರ್ಕ್. ಆ ಕಾಲದ ಅಂಕಿಗಳು ಸ್ವಲ್ಪ ಉಬ್ಬಿದವು, ಇರಲಿ. ಫೋರ್ಡಿನ ನಾಲ್ಕು ಗೇರಿನ ಪೆಟ್ಟಿಗೆ ಟಾಪ್‌ಲೋಡರ್‌ನಲ್ಲಿ ಮೊದಲ ಗೇರ್ 2.78. ಆಕ್ಸಲಿನ ಅನುಪಾತ 3.00, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್ ಪೆಟ್ಟಿಗೆಯಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಮೂರು ಸುತ್ತು ತಿರುಗಬೇಕು. ಮೂರನ್ನೂ ಗುಣಿಸಿದರೆ ಚಕ್ರಕ್ಕೆ 2,500 ಪೌಂಡ್-ಅಡಿ ಬರುತ್ತದೆ. ಈಗ ಟೈರಿನ ಕಡೆ ಬನ್ನಿ. ಜೋರಾಗಿ ಹೊರಟಾಗ ಹಿಂದಿನ ಎರಡು ಚಕ್ರದ ಮೇಲೆ 1,700 ಪೌಂಡ್ ಭಾರ ಬೀಳುತ್ತದೆ ಅಂದುಕೊಳ್ಳಿ. ಸಾದಾ ರಸ್ತೆ ಟೈರಿನ ಹಿಡಿತ 0.9. ಚಕ್ರದ ನಡುವಿನಿಂದ ನೆಲಕ್ಕೆ 13 ಇಂಚು. ಎರಡೂ ಟೈರ್ ಸೇರಿ ತಡೆಯುವುದು ಹೆಚ್ಚೆಂದರೆ 1,650. ಅದರ ಮೇಲೆ ಬಂದರೆ ಟೈರ್ ಜಾರುತ್ತದೆ, ಹೊಗೆ ಏಳುತ್ತದೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಗೇರಿಗೆ ಏನೂ ಆಗುವುದಿಲ್ಲ.

ಅಂದರೆ ಟೈರ್ ಇಲ್ಲಿ ಮನೆಯ ಫ್ಯೂಸ್ ಇದ್ದ ಹಾಗೆ. ಎಂಜಿನ್ 300 ಎಚ್‌ಪಿ ಇರಲಿ, 450 ಇರಲಿ, ಟೈರ್ ಬಿಟ್ಟುಕೊಟ್ಟರೆ ಆಕ್ಸಲ್ ಬದುಕುತ್ತದೆ. ಅದೇ ಗಾಡಿಗೆ ಅಂಟಂಟಾದ ಡ್ರ್ಯಾಗ್ ಟೈರ್, ಅಂದರೆ ನೇರ ಓಟದ ರೇಸಿನ ಟೈರ್, ಹಾಕಿ, ಕ್ಲಚ್ಚನ್ನು ಪಟ್ ಅಂತ ಬಿಟ್ಟು ನೋಡಿ. ಆಗ ಫ್ಯೂಸ್ ಇಲ್ಲ. ಇಡೀ ಹೊಡೆತ ಪಿನಿಯನ್ ಹಲ್ಲಿಗೆ, ಆಕ್ಸಲ್ ಶಾಫ್ಟಿಗೆ ಬೀಳುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಈ ಹೊಡೆತ ಮೆತ್ತಗೆ, ಮಧ್ಯೆ ಎಣ್ಣೆ ಇರುತ್ತದಲ್ಲ. ಅದಕ್ಕೇ ಒಂದೇ ಎಂಜಿನ್ ಇದ್ದ ಎರಡು ಗಾಡಿಗೆ ಎರಡು ಬೇರೆ ಉತ್ತರ ಬರುತ್ತವೆ.

ಆಮೇಲೆ ಅನುಪಾತ

ಎಷ್ಟೋ ಜನಕ್ಕೆ ಬೇಕಾಗಿರುವುದು ಬೇರೆ ಆಕ್ಸಲ್ ಅಲ್ಲ, ಬೇರೆ ಅನುಪಾತ. ಗಾಡಿ ಎಳೆಯುವುದಿಲ್ಲ ಅಂತ ದೂರು. ಕೆಳಗೆ ನೋಡಿದರೆ ಪೆಟ್ರೋಲ್ ಉಳಿಸಲು ಹಾಕಿದ 2.79 ಇರುತ್ತದೆ.

26 ಇಂಚು ಎತ್ತರದ ಟೈರ್, 215/65 ಆರ್15 ಅಂತಿಟ್ಟುಕೊಳ್ಳಿ. 65 ಮೈಲಿ ವೇಗಕ್ಕೆ ಲೆಕ್ಕ ತುಂಬಾ ಸುಲಭ: 840ನ್ನು ಅನುಪಾತದಿಂದ ಗುಣಿಸಿ. ನೇರ ಟಾಪ್ ಗೇರಿನಲ್ಲಿ 3.00 ಇದ್ದರೆ 2,520 ಆರ್‌ಪಿಎಂ. 3.55ಕ್ಕೆ 2,980. 3.73ಕ್ಕೆ 3,130. 4.10ಕ್ಕೆ 3,440. ಮೂರು ಗಂಟೆ ಹೈವೇ ಓಡಿಸುವವರಿಗೆ ಆ ಕೊನೆಯ ಅಂಕಿ ತಲೆನೋವು, ಅಕ್ಷರಶಃ. ಆದರೆ 0.68 ಓವರ್‌ಡ್ರೈವ್ (ಎಂಜಿನ್ ನಿಧಾನ ತಿರುಗಿದರೂ ಅದೇ ವೇಗ ಕೊಡುವ ಗೇರ್) ಇರುವ ಐದು ಗೇರಿನ ಪೆಟ್ಟಿಗೆ ಹಾಕಿದ್ದರೆ 3.73ಕ್ಕೂ 2,130 ಅಷ್ಟೇ. ಓವರ್‌ಡ್ರೈವ್ ಇಲ್ಲದವರಿಗೆ ನಾನು 3.25 ದಾಟಬೇಡಿ ಅನ್ನುತ್ತೇನೆ. ಇದ್ದವರು 3.55ರಿಂದ 3.73ರ ಒಳಗೆ ಆರಿಸಿಕೊಳ್ಳಲಿ. ಗೇರ್ ಪೆಟ್ಟಿಗೆ ಮುಂದೆ ಬದಲಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿ, ಆಕ್ಸಲ್ ಆಮೇಲೆ. ಉಲ್ಟಾ ಮಾಡಿದವರು ಎರಡು ಸಲ ದುಡ್ಡು ಕೊಡುತ್ತಾರೆ. ಅನುಪಾತ ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಗೇರ್ ಪೆಟ್ಟಿಗೆಯಲ್ಲಿರುವ ಅದರ ಪುಟ್ಟ ಪ್ಲಾಸ್ಟಿಕ್ ಗೇರನ್ನೂ ಬದಲಿಸಬೇಕು.

ಇನ್ನು ಅಗಲ. ಒಂದು ಕಡೆ ಚಕ್ರ ಕೂರುವ ಮುಖದಿಂದ ಇನ್ನೊಂದು ಕಡೆಯ ಮುಖದವರೆಗೆ ಅಳೆಯಬೇಕು. 1966ರವರೆಗಿನ ಮಸ್ಟಾಂಗ್‌ಗೆ 57.25 ಇಂಚು, 1967ರಿಂದ 70ರವಕ್ಕೆ 59.25, 1971ರಿಂದ 73ರವಕ್ಕೆ 61.25. ಅಂದಾಜಿನ ಮೇಲೆ ಹೋಗಬೇಡಿ, ಟೇಪ್ ಹಿಡಿಯಿರಿ. ಹಿಂದಿನ ಮಾಲೀಕರು ಏನು ಹಾಕಿರುತ್ತಾರೋ ದೇವರಿಗೇ ಗೊತ್ತು.

8 ಇಂಚು: ಇರುವುದನ್ನೇ ಸರಿ ಮಾಡಿಸುವುದು

ಇದನ್ನು ಯಾರೂ ಆಯ್ಕೆ ಅಂತಲೇ ಎಣಿಸುವುದಿಲ್ಲ. ಅದೇ ನನ್ನ ಬೇಜಾರು.

289, 302 ಇದ್ದ ಸಾದಾ ವಿ8 ಮಸ್ಟಾಂಗ್‌ಗಳಿಗೆ ಫೋರ್ಡ್ ಹಾಕಿದ್ದು ಇದನ್ನೇ. ಇಡೀ ಗುಂಡು ಮುಂದಿನಿಂದ ಬಿಚ್ಚಿ ಬರುತ್ತದೆ. ಹಾಗಾಗಿ ಅದನ್ನು ಮೇಜಿನ ಮೇಲಿಟ್ಟುಕೊಂಡು ಬೇರಿಂಗ್ ಬದಲಿಸಿ, ಹೊಸ ಕ್ರೌನ್-ಪಿನಿಯನ್ ಕೂರಿಸಿ, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲು) ನೋಡಿ, ವಾಪಸ್ ಹಾಕಬಹುದು. ಅಭ್ಯಾಸ ಇಲ್ಲದವರು ಗುಂಡನ್ನು ಮಾತ್ರ ಡಿಕ್ಕಿಯಲ್ಲಿ ಹಾಕಿಕೊಂಡು ಗೇರ್ ಕೂರಿಸುವವರ ಹತ್ತಿರ ಕೊಂಡೊಯ್ದರೆ ಸಾಕು. ವೆಲ್ಡಿಂಗ್ ಇಲ್ಲ, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸುವುದಿಲ್ಲ, ಬ್ರೇಕ್ ಮುಟ್ಟುವುದಿಲ್ಲ, ಚಕ್ರ ಅದೇ ಜಾಗದಲ್ಲಿ ಕೂರುತ್ತದೆ. 3.55 ಗೇರು, ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಸಾಧನ) ಎರಡೂ ಹೊಸದಾಗಿ ಸಿಗುತ್ತವೆ.

ಮಿತಿ ಇದೆ. ಆಕ್ಸಲ್ ಶಾಫ್ಟ್ 28 ಸ್ಪ್ಲೈನಿನದು (ಸ್ಪ್ಲೈನ್ ಅಂದರೆ ಶಾಫ್ಟ್ ತುದಿಯ ಹಲ್ಲುಗೆರೆ, ಜಾಸ್ತಿ ಇದ್ದಷ್ಟು ಶಾಫ್ಟ್ ದಪ್ಪ). ಡ್ರ್ಯಾಗ್ ಟೈರ್ ಮತ್ತು ಕ್ಲಚ್ ಹೊಡೆತ ಸೇರಿದರೆ ಇದು ಬಾಳುವುದಿಲ್ಲ. ರಸ್ತೆ ಟೈರಿನ ಮೇಲೆ, 300-350 ಎಚ್‌ಪಿ ಒಳಗೆ, ಮನುಷ್ಯರಂತೆ ಓಡಿಸಿದರೆ ಏನೂ ಆಗದು ಅನ್ನುವುದು ನನ್ನ ಅನುಭವ. ನನ್ನ ಗಾಡಿಯಲ್ಲಿ ಆರು ವರ್ಷದಿಂದ ಇದೇ ಇದೆ.

ಆದರೆ ನಾನೂ ನೇರವಾಗಿ ಇಲ್ಲಿಗೆ ಬರಲಿಲ್ಲ. ಮೊದಲು ಅಗ್ಗಕ್ಕೆ ಸಿಕ್ಕಿತು ಅಂತ ಯಾರದೋ ಶೆಡ್ಡಿನಿಂದ 9 ಇಂಚು ತಂದಿದ್ದೆ. ಹಾಕಿ ಒಂದು ಬೇಸಿಗೆ ಓಡಿಸುವಷ್ಟರಲ್ಲಿ ಎಡ ಟೈರಿನ ಒಳ ಅಂಚು ಬೋಳಾಯಿತು. ಯಾರೋ ಹಿಂದೆ ಅದನ್ನು ಕತ್ತರಿಸಿ ವೆಲ್ಡ್ ಮಾಡಿದ್ದರು, ಕೊಳವೆ ಸೊಟ್ಟ. ನೆಟ್ಟಗೆ ಮಾಡಿಸುವ ಖರ್ಚು ಕೇಳಿ ಸುಮ್ಮನಾದೆ. ಬೆಂಚಿನ ಕೆಳಗೆ ಧೂಳು ತಿನ್ನುತ್ತಿದ್ದ ಹಳೆಯ 8 ಇಂಚನ್ನೇ ಎತ್ತಿ ಸರಿ ಮಾಡಿಸಿದೆ. ಮನೆಯಾಕೆ ಆ 9 ಇಂಚನ್ನು ಇವತ್ತಿಗೂ ನಿಮ್ಮ ಬಾಗಿದ ಬಂಗಾರ ಅಂತಾಳೆ.

8.8: ಎಕ್ಸ್‌ಪ್ಲೋರರ್ ಕೊಟ್ಟ ವರ

1995ರಿಂದ 2001ರವರೆಗಿನ ಫೋರ್ಡ್ ಎಸ್‌ಯುವಿ ಎಕ್ಸ್‌ಪ್ಲೋರರ್ ಅಡಿಯಲ್ಲಿರುವುದು 8.8 ಇಂಚಿನ ಆಕ್ಸಲ್. ಗುಜರಿ ಯಾರ್ಡ್‌ನಲ್ಲಿ ನಮ್ಮ ಕಡೆ ಇನ್ನೂರು ಮುನ್ನೂರು ಡಾಲರಿಗೆ ಸಿಗುತ್ತದೆ. ಆ ದುಡ್ಡಿಗೆ 31 ಸ್ಪ್ಲೈನಿನ ಶಾಫ್ಟ್, ಡಿಸ್ಕ್ ಬ್ರೇಕ್, ಮಸ್ಟಾಂಗ್ ವಿ8ಗೆ ಹೊಂದುವ ಐದು ನಟ್‌ಗಳ ಅಳತೆ, ಅದೃಷ್ಟ ಇದ್ದರೆ ಲಿಮಿಟೆಡ್ ಸ್ಲಿಪ್ಪೂ ಬರುತ್ತದೆ. ಗುಂಡಿನ ಮುಚ್ಚಳಕ್ಕೆ ಕಟ್ಟಿದ ತಗಡಿನ ಚೀಟಿ ಒರೆಸಿ ನೋಡಿ: ಅಂಕಿಗಳ ಮಧ್ಯೆ ಎಲ್ ಅಕ್ಷರ ಇದ್ದರೆ, 3 ಎಲ್ 73 ಅನ್ನುವ ಹಾಗೆ, ಅದು 3.73 ಲಿಮಿಟೆಡ್ ಸ್ಲಿಪ್. 2002ರಲ್ಲಿ ನಾಲ್ಕು ಬಾಗಿಲಿನ ಎಕ್ಸ್‌ಪ್ಲೋರರ್‌ಗೆ ಹಿಂದೆ ಸ್ವತಂತ್ರ ಸಸ್ಪೆನ್ಷನ್ ಬಂತು. ಅದು ನಮಗೆ ಉಪಯೋಗಕ್ಕಿಲ್ಲ. ಆಮೇಲಿನ ಮಸ್ಟಾಂಗ್‌ಗಳಲ್ಲೂ 8.8 ಇದೆಯಲ್ಲ ಅಂತ ಆಸೆಪಡಬೇಡಿ. ಅವು ಕಾಯಿಲ್ ಸ್ಪ್ರಿಂಗಿನವು, ಬ್ರಾಕೆಟ್ ಕೊಯ್ದು ಕೊಯ್ದು ಸುಸ್ತಾಗುತ್ತೀರಿ.

ಇಷ್ಟು ಒಳ್ಳೆಯದಾದರೆ ಎಲ್ಲರೂ ಯಾಕೆ ಹಾಕುವುದಿಲ್ಲ? ಕೆಲಸ ಇದೆ, ಅದಕ್ಕೆ. ಹೋದ ವರ್ಷ ಗೆಳೆಯನ ಗಾಡಿಗೆ ಇದನ್ನು ಕೂರಿಸಲು ಇಬ್ಬರೂ ಸೇರಿ ಪೂರ್ತಿ ಚಳಿಗಾಲ ತೆಗೆದುಕೊಂಡೆವು.

ಎಕ್ಸ್‌ಪ್ಲೋರರ್ ಆಕ್ಸಲಿನ ಅಗಲ 59.5 ಇಂಚಿನ ಹತ್ತಿರ. ನಮ್ಮ 59.25ಕ್ಕೆ ಹೆಚ್ಚುಕಡಿಮೆ ಸರಿ. ಆದರೆ ಪಿನಿಯನ್ ನಡುವಿನಲ್ಲಿಲ್ಲ. ಅಮೆರಿಕದ ಗಾಡಿಯ ಬಲಗಡೆಗೆ, ಅಂದರೆ ಪಕ್ಕದಲ್ಲಿ ಕೂರುವವರ ಕಡೆಗೆ, ಎರಡು ಇಂಚು ಸರಿದಿದೆ. ಎಡ ಕೊಳವೆ ಉದ್ದ, ಬಲದ್ದು ಗಿಡ್ಡ. ಹಾಗೇ ಬಿಟ್ಟು ಪ್ರೊಪೆಲ್ಲರ್ ಶಾಫ್ಟನ್ನು ಸ್ವಲ್ಪ ಓರೆಯಾಗಿ ಓಡಿಸುವವರಿದ್ದಾರೆ. ಆಗ ಅದು ಗಾಡಿಯ ನೆಲದ ಮಧ್ಯದ ಉಬ್ಬಾದ ಟನಲ್‌ಗೆ ತಾಗುತ್ತದಾ ಅಂತ ನೋಡಬೇಕು. ಇನ್ನೊಂದು ದಾರಿ: ಎಡ ಕೊಳವೆಯನ್ನು ಸುಮಾರು ಮೂರು ಇಂಚು ಕತ್ತರಿಸಿ, ಇನ್ನೊಂದು ಎಕ್ಸ್‌ಪ್ಲೋರರ್‌ನಿಂದ ಬಲಗಡೆಯ ಗಿಡ್ಡ ಶಾಫ್ಟ್ ತಂದು ಎಡಕ್ಕೂ ಅದನ್ನೇ ಹಾಕುವುದು. ಪಿನಿಯನ್ ನಡುವಿಗೆ ಬರುತ್ತದೆ, ಅಗಲ 56.5ಕ್ಕೆ ಇಳಿಯುತ್ತದೆ. 1965-66ರ ಗಾಡಿಗೆ ಇದು ಚೆನ್ನ. 1967ರ ನಂತರದ್ದಕ್ಕೆ ಹೀಗೆ ಮಾಡಿದರೆ ಚಕ್ರ ಒಳಗೆ ಸೇರಿಹೋಗುತ್ತದೆ, ಅದನ್ನು ಹೊರಗೆ ತರುವಂಥ ರಿಮ್ ಹುಡುಕಬೇಕು. ನಾವು ಕತ್ತರಿಸಲಿಲ್ಲ.

ಸ್ಪ್ರಿಂಗ್ ಕೂರುವ ಹಳೆಯ ಪೀಠಗಳನ್ನು ಕೊಯ್ದು ಹೊಸದು ವೆಲ್ಡ್ ಮಾಡಬೇಕು. ಕೊಳವೆಯ ಅಡ್ಡಳತೆ 3.25 ಇಂಚು, ಹಳೆಯ ಯು ಬೋಲ್ಟ್ ಹಿಡಿಯುವುದಿಲ್ಲ. ಪೀಠಕ್ಕೆ ಮೊದಲು ಟ್ಯಾಕ್ (ಒಂದೆರಡು ಚುಕ್ಕೆ ವೆಲ್ಡ್) ಮಾತ್ರ ಹಾಕಿ. ಗಾಡಿಯ ಪೂರ್ತಿ ಭಾರ ಚಕ್ರದ ಮೇಲಿರುವಾಗ ಪಿನಿಯನ್ ಕೋನ ನೋಡಿ, ಆಮೇಲೆ ಪೂರ್ತಿ ವೆಲ್ಡ್. ಪಟ್ಟಿ ಸ್ಪ್ರಿಂಗಿನ ಗಾಡಿಯಲ್ಲಿ ಜೋರಾಗಿ ಹೊರಟಾಗ ಪಿನಿಯನ್ ಮೂತಿ ಮೇಲೇಳುತ್ತದೆ. ಅದಕ್ಕೆ ನಿಂತಾಗ ಒಂದೆರಡು ಡಿಗ್ರಿ ಕೆಳಗೇ ಇರಲಿ. ಈ ಹೆಜ್ಜೆಗೆ ಅವಸರ ಮಾಡಿದವರು ಆಮೇಲೆ ನಡುಕ ಎಲ್ಲಿಂದ ಬರುತ್ತಿದೆ ಅಂತ ವರ್ಷಗಟ್ಟಲೆ ಹುಡುಕುತ್ತಾರೆ.

ಕೊಳವೆಗಳು ಎರಕದ ಗುಂಡಿಗೆ ಒತ್ತಿ ಕೂರಿಸಿದವು. ಶಕ್ತಿ ಜಾಸ್ತಿ ಇದ್ದರೆ ಗುಂಡಿನೊಳಗೆ ಅವು ತಿರುಗಿಬಿಡಬಹುದು. ಹಾಗಾಗಿ ಆ ಜಾಗವನ್ನೂ ವೆಲ್ಡ್ ಮಾಡಿಸುತ್ತಾರೆ. ಎರಕಕ್ಕೆ ಉಕ್ಕು ಬೆಸೆಯುವುದು ಎಲ್ಲರ ಕೈಯಲ್ಲಾಗುವ ಕೆಲಸವಲ್ಲ. ಇದರ ಮೇಲೆ ಪಿನಿಯನ್‌ಗೆ ಹೊಂದುವ ಫ್ಲ್ಯಾಂಜ್, ಹೊಸ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಹ್ಯಾಂಡ್‌ಬ್ರೇಕ್ ಕೇಬಲ್. ಬ್ರೇಕಿನದೂ ಒಂದು ಮಾತು: ಹಿಂದೆ ಡಿಸ್ಕ್ ಬಂದರೆ ಡ್ರಮ್‌ಗೆ ಅಂತ ಇದ್ದ ಹಳೆಯ ಮಾಸ್ಟರ್ ಸಿಲಿಂಡರ್ ನಡೆಯುವುದಿಲ್ಲ. ಅದು ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ, ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಬೇಕು. ಇಲ್ಲದಿದ್ದರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ.

ಎಲ್ಲ ಸೇರಿ ಗೆಳೆಯನ ಇನ್ನೂರು ಡಾಲರಿನ ಆಕ್ಸಲ್ ಸಾವಿರ ದಾಟಿತು. ವೆಲ್ಡಿಂಗ್ ನಮ್ಮದೇ. ಹೊರಗೆ ಮಾಡಿಸಿದ್ದರೆ ಇನ್ನೂ ಜಾಸ್ತಿ.

ಇದರ ಶಾಫ್ಟನ್ನು ಒಳಗೆ ಹಿಡಿದಿರುವುದು ಸಿ ಆಕಾರದ ಒಂದು ಕ್ಲಿಪ್. ಶಾಫ್ಟ್ ಮುರಿದರೆ ಚಕ್ರದ ಸಮೇತ ಹೊರಗೆ ಬರಬಹುದು. ರಸ್ತೆಯಲ್ಲಿ ಇದು ತೀರಾ ಅಪರೂಪ. ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಒಂದು ವೇಗ ದಾಟಿದ ಗಾಡಿಗಳಿಗೆ ಈ ಕ್ಲಿಪ್ ತೆಗೆಸದೆ ಬಿಡುವುದಿಲ್ಲ. 8 ಮತ್ತು 9 ಇಂಚಿನಲ್ಲಿ ಶಾಫ್ಟನ್ನು ಹೊರತುದಿಯಲ್ಲೇ ಹಿಡಿದಿರುತ್ತಾರೆ, ಈ ತಾಪತ್ರಯ ಇಲ್ಲ.

9 ಇಂಚು: ಹೆಸರಿಗೆ ತಕ್ಕ ಗಟ್ಟಿ

1957ರಲ್ಲಿ ಬಂದ ವಿನ್ಯಾಸ, 1986ರವರೆಗೂ ಫೋರ್ಡ್ ಗಾಡಿಗಳಲ್ಲಿತ್ತು. ಮಸ್ಟಾಂಗ್‌ನಲ್ಲಿ ಜಾಸ್ತಿ ಶಕ್ತಿಯ 289, 390, 428 ಎಂಜಿನ್‌ಗಳ ಹಿಂದೆ ಇದ್ದದ್ದು ಇದೇ. ಗಟ್ಟಿತನದ ಗುಟ್ಟು ಎರಡು. ಪಿನಿಯನ್ ಕ್ರೌನ್ ವೀಲಿನ ನಡುವಿಗಿಂತ ಎರಡು ಇಂಚಿಗೂ ಹೆಚ್ಚು ಕೆಳಗಿದೆ, ಹಾಗಾಗಿ ಹಲ್ಲು ಹಲ್ಲಿಗೆ ಜಾಸ್ತಿ ಉದ್ದಕ್ಕೆ ತಾಗುತ್ತದೆ. ಜೊತೆಗೆ ಪಿನಿಯನ್ನಿನ ಹಿಂತುದಿಗೂ ಒಂದು ಬೇರಿಂಗ್ ಆಸರೆ ಇದೆ, ಹೊಡೆತ ಬಿದ್ದಾಗ ಅದು ಪಕ್ಕಕ್ಕೆ ವಾಲುವುದಿಲ್ಲ. ಇದಕ್ಕೆ ಬೆಲೆಯೂ ಇದೆ. ಹಲ್ಲುಗಳು ಒಂದರ ಮೇಲೊಂದು ಜಾಸ್ತಿ ಜಾರುವುದರಿಂದ ಉಜ್ಜಾಟ ಜಾಸ್ತಿ, ಬಿಸಿ ಜಾಸ್ತಿ, ಚಕ್ರಕ್ಕೆ ಮುಟ್ಟುವ ಶಕ್ತಿ ಸ್ವಲ್ಪ ಕಡಿಮೆ.

ಗುಜರಿಯ 9 ಇಂಚು ಅಗ್ಗ ಅನ್ನುವ ಕಾಲ ಹೋಯಿತು. ಒಂದು ಕಾಲದಲ್ಲಿ ಲಿಂಕನ್ ವರ್ಸೈಲ್ಸ್‌ನಿಂದ ಡಿಸ್ಕ್ ಬ್ರೇಕ್ ಸಮೇತ ಎತ್ತಿಕೊಂಡು ಬರುತ್ತಿದ್ದರಂತೆ. ಆ ಗಾಡಿಗಳನ್ನು ಜನ ಎಂದೋ ತಿಂದು ಮುಗಿಸಿದ್ದಾರೆ. ಈಗ ಸಿಗುವುದು ಹೆಚ್ಚಾಗಿ ಪಿಕಪ್‌ನವು. ಅಗಲ ಜಾಸ್ತಿ, ನಟ್‌ಗಳ ಅಳತೆ ಬೇರೆ. ಕತ್ತರಿಸಿ, ಹೊಸ ಶಾಫ್ಟ್ ಹಾಕಿಸಿ, ನೆಟ್ಟಗಿದೆಯಾ ಅಂತ ನೋಡಿಸುವಷ್ಟರಲ್ಲಿ ಹೊಸದರ ಬೆಲೆ ಹತ್ತಿರ ಬಂದಿರುತ್ತದೆ. ನನ್ನ ಬಾಗಿದ ಬಂಗಾರದ ಕಥೆ ಓದಿದಿರಲ್ಲ.

ಹಾಗಾಗಿ 9 ಇಂಚು ಬೇಕೆಂದರೆ ಹೊಸದನ್ನೇ ತರಿಸಿ. ಕರೀ, ಮೋಸರ್, ಸ್ಟ್ರೇಂಜ್ ಕಂಪನಿಗಳು ನಿಮ್ಮ ಗಾಡಿಯ ಅಗಲಕ್ಕೆ, ಪೀಠ ವೆಲ್ಡ್ ಮಾಡಿಯೇ ಕಳಿಸುತ್ತವೆ. ಒಂದು ವಾರಾಂತ್ಯದಲ್ಲಿ ಕೂರಿಸಬಹುದು. ಗುಂಡು, ಶಾಫ್ಟ್, ಬ್ರೇಕ್ ಎಲ್ಲ ಸೇರಿ ಮೂರು ಸಾವಿರ ಡಾಲರಿನ ಒಳಗೆ ಮುಗಿದರೆ ನಿಮ್ಮ ಅದೃಷ್ಟ. ಪ್ರೊಪೆಲ್ಲರ್ ಶಾಫ್ಟ್ ಉದ್ದ ಇಲ್ಲೂ ಬದಲಾಗುತ್ತದೆ, ಅದನ್ನು ಬೆಲೆಯಲ್ಲಿ ಸೇರಿಸಿಕೊಳ್ಳಿ. ಗುಂಡು ಬಿಚ್ಚಿ ಬರುವುದರಿಂದ ಬೇರೆ ಅನುಪಾತದ ಇನ್ನೊಂದು ಗುಂಡು ಇಟ್ಟುಕೊಂಡು ರಸ್ತೆಗೊಂದು, ಸ್ಟ್ರಿಪ್ಪಿಗೊಂದು ಅಂತ ಬದಲಾಯಿಸುವವರೂ ಇದ್ದಾರೆ. ಶೋಕಿ ಅನ್ನಿ, ಅನುಕೂಲ ಅನ್ನಿ.

ಫೋರ್ಡ್ ಅಲ್ಲದವರಿಗೆ ಒಂದೆರಡು ಮಾತು. ಹಳೆಯ ಶೆವರ್ಲೆ ಕಮಾರೋದಲ್ಲಿ 8.2 ಇಂಚಿನ ಹತ್ತು ಬೋಲ್ಟಿನ ಆಕ್ಸಲ್ ಇದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ. 1970ರ ನಂತರ ಬಂದ 8.5 ನೋಡಿ, ಇಲ್ಲವೇ ಹನ್ನೆರಡು ಬೋಲ್ಟಿನದು. ಡಾಡ್ಜ್, ಪ್ಲಿಮತ್‌ನವರ 8.75 ಮೊದಲಿನಿಂದಲೂ ಗಟ್ಟಿ, ಗುಂಡೂ ಬಿಚ್ಚಿ ಬರುತ್ತದೆ. ಅದನ್ನು ಬದಲಾಯಿಸುವ ಯೋಚನೆಯೇ ಬೇಡ ಅನ್ನುತ್ತೇನೆ.

ಇನ್ನು ಆ ಮೂವರು. ಸದ್ದು ಬರುತ್ತಿದ್ದವರಿಗೆ 8 ಇಂಚನ್ನೇ ಬಿಚ್ಚಿ ಬೇರಿಂಗ್, ಗೇರ್ ಬದಲಿಸಿ ಅಂದೆ. ಅವರು ವಾರಕ್ಕೊಮ್ಮೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಐಸ್‌ಕ್ರೀಂ ತಿನ್ನಲು ಹೋಗುವವರು. ಎಂಜಿನ್ ದೊಡ್ಡದು ಮಾಡಿಸಿದವರು ಸ್ಟ್ರಿಪ್ಪಿಗೆ ಹೋಗುತ್ತಾರೆ, ಡ್ರ್ಯಾಗ್ ಟೈರ್ ಕೊಂಡಾಗಿದೆ, ಕ್ಲಚ್ ಗಾಡಿ. ಅವರಿಗೆ ಹೊಸ 9 ಇಂಚು, 31 ಸ್ಪ್ಲೈನ್. ಮೂರನೆಯವರನ್ನು ವೆಲ್ಡಿಂಗ್ ಬರುತ್ತದಾ ಅಂತ ಕೇಳಿದೆ. ಬರುತ್ತದೆ, ಚಳಿಗಾಲದಲ್ಲಿ ಬೇರೆ ಕೆಲಸವೂ ಇಲ್ಲ ಅಂದರು. ಹೇಗೂ ಹಿಂದೆ ಡಿಸ್ಕ್ ಬೇಕಂತೆ, ಐದು ಗೇರಿನ ಪೆಟ್ಟಿಗೆ ಆಗಲೇ ಇದೆ. ಹಾಗಾದರೆ ಎಕ್ಸ್‌ಪ್ಲೋರರ್ ಹುಡುಕಿ ಅಂದೆ. ಪಕ್ಕದ ಮನೆಯವರ 9 ಇಂಚಿನ ಮುಂದೆ ಸಪ್ಪಗಾಗುವುದಿಲ್ಲವಾ ಅಂತ ಕೇಳಿದರು. ನಿಮ್ಮ ಟೈರ್ ಬದಲಾಗದೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ ಅಂದೆ.

ಯಾವುದನ್ನು ಹಾಕಿದರೂ ಗಾಡಿಯ ಜೊತೆ ಬಂದ ಆಕ್ಸಲ್ ಮಾರಬೇಡಿ. ಕೊಯ್ಯುವುದು, ಬೆಸೆಯುವುದು ಎಲ್ಲ ಹೊಸ ಆಕ್ಸಲ್ ಮೇಲೆ, ಗಾಡಿಯ ಮೇಲಲ್ಲ. ಹಳೆಯದು ಮನೆಯಲ್ಲಿದ್ದರೆ ಮುಂದೆ ಕೊಳ್ಳುವವರು ಅದಕ್ಕೂ ಬೆಲೆ ಕೊಡುತ್ತಾರೆ.

ಹೊಸ ಗೇರ್ ಕೂರಿಸಿದ ಮೊದಲ ದಿನವೇ ಹೈವೇಗೆ ಹೋಗಬೇಡಿ. ಹದಿನೈದು ಇಪ್ಪತ್ತು ನಿಮಿಷ ಮೆತ್ತಗೆ ಓಡಿಸಿ, ಗುಂಡು ಪೂರ್ತಿ ತಣ್ಣಗಾಗುವವರೆಗೆ ನಿಲ್ಲಿಸಿ. ಹೀಗೆ ಮೂರು ನಾಲ್ಕು ಸಲ. 500 ಮೈಲಿಗೆ ಎಣ್ಣೆ ಬದಲಿಸಿ. ಕ್ಲಚ್ ಪ್ಲೇಟಿನ ಲಿಮಿಟೆಡ್ ಸ್ಲಿಪ್ ಇದ್ದರೆ ಎಣ್ಣೆಗೆ ಸೇರಿಸುವ ಫ್ರಿಕ್ಷನ್ ಮಾಡಿಫೈಯರಿನ ಪುಟ್ಟ ಬಾಟಲಿಯನ್ನೂ ಮರೆಯಬೇಡಿ, ಇಲ್ಲದಿದ್ದರೆ ಪಾರ್ಕಿಂಗ್ ಜಾಗದಲ್ಲಿ ತಿರುಗುವಾಗ ಕಟಕಟ ಅನ್ನುತ್ತದೆ. ಆ ಎಣ್ಣೆಯ ವಾಸನೆ ಬಟ್ಟೆಯಿಂದ ಹೋಗುವುದಿಲ್ಲ. ಹಳೇ ಅಂಗಿ ಹಾಕಿಕೊಂಡೇ ಕೆಳಗೆ ಮಲಗಿ.